ಅಷ್ಟೂರಿನ ದಾರಿಗೆ ನಾಲ್ಕು ಕಟ್ಟೆ ಕಟ್ಟಿಸಿ

ಬೀದರ್ ಜಿಲ್ಲೆಯ ಅಧಿಕಾರಿಗಳಿಗೆ, ಅಷ್ಟೂರಿನ ಹಿರಿಯರಿಗೆ, ಬೀದರಿನ ನನ್ನ ಓಣಿಯ ಜನರಿಗೆ,

ನಮಸ್ಕಾರ.

ನಮ್ಮ ಆಯಿ, ಅಂದರೆ ಅವ್ವನ ಅವ್ವ, ವಾರಕ್ಕೆ ಮೂರು ದಿನ ಅಷ್ಟೂರಿನಿಂದ ಬೀದರಿಗೆ ನಡೆದು ಬರುತ್ತಿದ್ದಳು. ತಲೆ ಮೇಲೆ ಸಿಂಬೆ, ಸಿಂಬೆ ಮೇಲೆ ಬುಟ್ಟಿ. ಬುಟ್ಟಿಯಲ್ಲಿ ಮೆಂತ್ಯ, ಕೊತ್ತಂಬರಿ, ಪುಂಡಿ ಪಲ್ಯದ ಕಟ್ಟುಗಳು. ಬೆಳಗಾಗುವಾಗ ಊರು ಬಿಟ್ಟರೆ ಬಿಸಿಲು ಏರುವ ಮೊದಲೇ ಹಳೇ ಬೀದರಿನ ಗಲ್ಲಿಗಳಲ್ಲಿ ಅವಳ ಕೂಗು ಕೇಳುತ್ತಿತ್ತು. ನಾನು ರಜೆಯಲ್ಲಿ ಅವಳ ಸೆರಗು ಹಿಡಿದು ಆ ದಾರಿ ನಡೆದಿದ್ದೇನೆ. ನನಗೆ ಆಗ ಏಳು ವರ್ಷ. ಈಗ ನಲವತ್ತೊಂಬತ್ತು. ನಡುವೆ ಸುಮಾರು ವರ್ಷ ಆ ದಾರಿಯನ್ನು ಮೋಟಾರ್ ಸೈಕಲ್ ಮೇಲಿಂದಲೇ ನೋಡಿದೆ. ಹೋದ ಮೂರು ಚಳಿಗಾಲದಿಂದ ಮತ್ತೆ ನಡೆಯುತ್ತಿದ್ದೇನೆ. ಆ ನಡಿಗೆಯ ಮೇಲಿನ ಪ್ರೀತಿಯಿಂದ ಈ ಪತ್ರ ಬರೆಯುತ್ತಿದ್ದೇನೆ.

ಬೀದರ್ ಒಂದು ಗುಡ್ಡದ ಮೇಲಿನ ಊರು. ನಾವು ಅಲ್ಲೇ ಇರುವುದರಿಂದ ನಮಗೆ ಅದು ತಿಳಿಯುವುದಿಲ್ಲ. ಸಮುದ್ರಮಟ್ಟದಿಂದ 2,000 ಅಡಿಗೂ ಎತ್ತರದ ಕೆಂಪು ಕಲ್ಲಿನ ಬಯಲು ಇದು. ಹಳೇ ಊರು, ಕೋಟೆ ಎರಡೂ ಆ ಬಯಲಿನ ಅಂಚಿಗೆ ಕೂತಿವೆ. ಅಂಚು ದಾಟಿ ಮೂಡಣ ದಿಕ್ಕಿಗೆ ಇಳಿದರೆ ಅಷ್ಟೂರು. ಹಳೇ ಊರಿನಿಂದ ಅಲ್ಲಿನ ಬಹಮನಿ ಗುಮ್ಮಟಗಳವರೆಗೆ 3-4 ಕಿಲೋಮೀಟರ್ ದಾರಿ. ದೊಡ್ಡ ಏರಿಲ್ಲ, ಕಲ್ಲು ಹತ್ತುವ ಕೆಲಸ ಇಲ್ಲ. ಮಕ್ಕಳು ನಡೆಯಬಹುದು, ಎಪ್ಪತ್ತು ದಾಟಿದವರೂ ಕೂತು ಎದ್ದು ನಡೆಯಬಹುದು. ನಮ್ಮ ಹುಡುಗರು ಟ್ರೆಕ್ಕಿಂಗ್ ಅಂತ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಚಿಕ್ಕಮಗಳೂರಿಗೆ ಹೋಗುತ್ತಾರೆ. ಹೋಗಲಿ, ಸಂತೋಷ. ಆದರೆ ಮನೆ ಬಾಗಿಲಿನಿಂದ ಶುರುವಾಗುವ ಒಂದು ದಿನದ ನಡಿಗೆ ನಮಗೂ ಇದೆ ಅಂತ ಅವರಿಗೆ ಯಾರೂ ಹೇಳಿಲ್ಲ.

ಹಾಗಾಗಿ ಮೊದಲು ದಾರಿಯ ಬಗ್ಗೆ ಹೇಳುತ್ತೇನೆ. ಆಮೇಲೆ ಕೋರಿಕೆ.

ಪ್ರವಾಸಿಗಳು ಸಾಮಾನ್ಯವಾಗಿ ಬೀದರಿನಿಂದ ಅಷ್ಟೂರಿಗೆ ಇಳಿಯುತ್ತಾರೆ. ಆಯಿಯ ದಾರಿ ಇದಕ್ಕೆ ಉಲ್ಟಾ. ಅವಳು ಕೆಳಗಿನಿಂದ ಮೇಲೆ ಬರುತ್ತಿದ್ದಳು. ನಡೆದು ನೋಡಿದ ಮೇಲೆ ಅವಳದ್ದೇ ಸರಿ ಅನ್ನಿಸಿದೆ. ಬೆಳಿಗ್ಗೆ ಏಳು ಗಂಟೆಗೆ ಆಟೋದಲ್ಲಿ ಅಷ್ಟೂರಿಗೆ ಹೋಗಿ. ಅಲ್ಲಿಂದ ನಡೆದರೆ ಬಿಸಿಲು ಬೆನ್ನಿಗೆ ಬೀಳುತ್ತದೆ, ಕಣ್ಣಿಗೆ ಹೊಡೆಯುವುದಿಲ್ಲ. ಏರು ಬರುವ ಹೊತ್ತಿಗೆ ಕಾಲಿನಲ್ಲಿ ಇನ್ನೂ ಶಕ್ತಿ ಇರುತ್ತದೆ. ಕೊನೆಗೆ ಚಹಾ, ಊಟ, ಮನೆ, ಬಸ್ ನಿಲ್ದಾಣ ಎಲ್ಲಾ ಮೇಲೆಯೇ ಸಿಗುತ್ತವೆ. ಇಳಿದು ಹೋದವರಿಗೆ ಹಾಗಲ್ಲ. ಮಧ್ಯಾಹ್ನದ ಬಿಸಿಲಲ್ಲಿ, ದಣಿದ ಕಾಲಲ್ಲಿ ಏರು ಹತ್ತಬೇಕು. ಅವರು ಎರಡನೇ ಸಲ ಬರುವುದಿಲ್ಲ.

ಶುರುವಾಗುವುದೇ ಗುಮ್ಮಟಗಳಿಂದ. ಸಾಲಾಗಿ ನಿಂತ ಸುಲ್ತಾನರ ಸಮಾಧಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಜನ ಹೋಗುವುದು ಅಹ್ಮದ್ ಶಾ ವಲಿಯ ಗುಮ್ಮಟಕ್ಕೆ. ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದವನು ಇವನೇ. 1436ರಲ್ಲಿ ತೀರಿಕೊಂಡ. ಹೊರಗಿನಿಂದ ಗೋಡೆ ಸಾದಾ. ಒಳಗೆ ಹೋದರೆ ಮೊದಲು ಕತ್ತಲೆ. ಆಮೇಲೆ ಅಲ್ಲಿನವರು ಬಾಗಿಲ ಬಳಿ ಕನ್ನಡಿ ಹಿಡಿದು ಹೊರಗಿನ ಬಿಸಿಲನ್ನು ಒಳಗೆ ಹಾಯಿಸುತ್ತಾರೆ. ಬೆಳಕು ಬಿದ್ದ ಕಡೆ ಬಂಗಾರದ ಅಕ್ಷರ, ಕುಂಕುಮದ ಕೆಂಪು, ಗಾಢ ನೀಲಿ ಎದ್ದು ಬರುತ್ತವೆ. ಸುಮಾರು ಆರುನೂರು ವರ್ಷದ ಬಣ್ಣ. ಕನ್ನಡಿ ಅಲುಗಿದಂತೆ ಬೆಳಕಿನ ತುಂಡು ಗೋಡೆ ಮೇಲೆ ನಡೆಯುತ್ತದೆ. ನನ್ನ ಮಗಳು ಆ ತುಂಡಿನ ಹಿಂದೆ ಕತ್ತು ತಿರುಗಿಸುತ್ತಾ ಅರ್ಧ ಗಂಟೆ ನಿಂತಿದ್ದಳು.

ಹೋಳಿ ಹುಣ್ಣಿಮೆ ಕಳೆದ ಮೇಲೆ ಇಲ್ಲಿ ಉರುಸು. ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಬಂದು ಮುಂದೆ ನಿಂತು ನಡೆಸುತ್ತಾರೆ. ಶಂಖ ಊದುತ್ತಾರೆ, ಕಾಯಿ ಒಡೆಯುತ್ತಾರೆ. ಅಹ್ಮದ್ ಶಾ ಮುಸ್ಲಿಮರಿಗೆ ವಲಿ, ಅಂದರೆ ಸಂತ, ಲಿಂಗಾಯತರಿಗೆ ಅಲ್ಲಮಪ್ರಭು. ಆಯಿ ಎರಡು ಹೆಸರನ್ನೂ ಒಂದೇ ಉಸಿರಲ್ಲಿ ಹೇಳಿ ಕೈ ಮುಗಿಯುತ್ತಿದ್ದಳು. ಅದರಲ್ಲಿ ವಿಶೇಷ ಏನಿದೆ ಅಂತ ಅವಳಿಗೆ ಯಾವತ್ತೂ ಅನ್ನಿಸಿರಲಿಲ್ಲ.

ಪಕ್ಕದ ಅಲಾವುದ್ದೀನನ ಗುಮ್ಮಟದ ಗೋಡೆಯಲ್ಲಿ ನೀಲಿ ಹೆಂಚಿನ ಚೂರುಗಳು ಇನ್ನೂ ಉಳಿದಿವೆ. ಬಹಮನಿ ಸುಲ್ತಾನ ಹುಮಾಯೂನನ ಗುಮ್ಮಟಕ್ಕೆ ಸಿಡಿಲು ಬಡಿದು ಅರ್ಧ ಕುಸಿದಿದೆ. ಅದನ್ನು ನೋಡಿದರೆ ಗುಮ್ಮಟ ಹೇಗೆ ಕಟ್ಟುತ್ತಾರೆ ಅನ್ನುವುದು ಮಕ್ಕಳಿಗೆ ಅರ್ಥವಾಗುತ್ತದೆ, ಕಲ್ಲಂಗಡಿ ಕೊಯ್ದಿಟ್ಟ ಹಾಗೆ ಒಳಗಿನದೆಲ್ಲ ಕಾಣುತ್ತದೆ. ಕೊನೆಯ ಸುಲ್ತಾನರ ಸಮಾಧಿಗಳಿಗೆ ಬಂದಾಗ ಗುಮ್ಮಟಗಳೇ ಸಣ್ಣವಾಗುತ್ತವೆ. ರಾಜ್ಯದ ಖಜಾನೆ ಬರಿದಾದದ್ದನ್ನು ಪಾಠ ಓದದೆಯೂ ಅಲ್ಲಿ ನಿಂತು ತಿಳಿಯಬಹುದು.

ಅಲ್ಲಿಂದ ಊರ ಕಡೆ ಸ್ವಲ್ಪ ನಡೆದರೆ ದಿಬ್ಬದ ಮೇಲೆ ಚೌಖಂಡಿ. ಎಂಟು ಮೂಲೆಯ ಗೋಡೆ, ಅದರೊಳಗೆ ಚೌಕಾಕಾರದ ಕಟ್ಟಡ. ಇರಾನಿನ ಕಿರ್ಮಾನಿನಿಂದ ಬಂದ ಸಂತ ಹಜರತ್ ಖಲೀಲುಲ್ಲಾ ಇಲ್ಲಿ ಮಲಗಿದ್ದಾರೆ. ಬಾಗಿಲ ಸುತ್ತ ಕಪ್ಪು ಕಲ್ಲಿನ ಕೆತ್ತನೆ ಇದೆ. ಮೆಟ್ಟಿಲು ಹತ್ತಿ ತಿರುಗಿ ನಿಂತರೆ ಬಂದ ದಾರಿ, ಗುಮ್ಮಟಗಳ ಸಾಲು, ಹೊಲಗಳು ಪೂರ್ತಿ ಕಾಣುತ್ತವೆ. ನಡುನಡುವೆ ಬೀದರಿನ ವಾಯುಪಡೆಯ ತರಬೇತಿ ವಿಮಾನ ಆಕಾಶ ಸೀಳಿಕೊಂಡು ಹೋಗುತ್ತದೆ. ಹೊಲದ ಕೊಕ್ಕರೆಗಳು ಅದಕ್ಕೆ ಹೆದರುವುದನ್ನೂ ಬಿಟ್ಟಿವೆ.

ಇನ್ನು ಹೊಲ. ಎಲ್ಲರೂ ಕಾರಿನಲ್ಲಿ ಹಾದು ಹೋಗುವ ಭಾಗ ಇದೇ. ಈ ನಡಿಗೆಯಲ್ಲಿ ನನಗೆ ಗುಮ್ಮಟಕ್ಕಿಂತ ಜಾಸ್ತಿ ಇಷ್ಟವಾದದ್ದೂ ಇದೇ.

ಕೆಳಗೆ ಕಪ್ಪು ಎರೆ ಮಣ್ಣು. ಚಳಿಗಾಲದಲ್ಲಿ ಬಿಳಿಜೋಳ, ಕಡಲೆ, ಕುಸುಬೆ, ಒಣಗಲು ಶುರುವಾದ ತೊಗರಿ. ಬೆಳಗಿನ ಹೊತ್ತು ಕಡಲೆ ಗಿಡ ಮುಟ್ಟಿ ಬೆರಳು ನೆಕ್ಕಿದರೆ ಹುಳಿ. ಆಯಿ ರಾತ್ರಿ ಕಡಲೆ ಹೊಲದ ಮೇಲೆ ತೆಳು ಬಟ್ಟೆ ಹಾಸಿ, ಬೆಳಿಗ್ಗೆ ಇಬ್ಬನಿ ಸಮೇತ ಹಿಂಡಿ ಆ ಹುಳಿಯನ್ನು ಸೀಸೆಗೆ ತುಂಬುತ್ತಿದ್ದಳು. ಹೊಟ್ಟೆನೋವು ಅಂದರೆ ಒಂದು ಚಮಚ. ಮುಂದೆ ಏರು ಹತ್ತಿದಂತೆ ಮಣ್ಣು ಬದಲಾಗುತ್ತದೆ. ಕಪ್ಪು ಹೋಗಿ ಕೆಂಪು ಬರುತ್ತದೆ. ಬೂಟಿನ ಅಂಚಿಗೆ ಮೆತ್ತಿದ ಕಪ್ಪಿನ ಮೇಲೆ ಕೆಂಪು ಧೂಳು ಕೂರುತ್ತದೆ. ಮಕ್ಕಳಿಗೆ ಇದನ್ನು ತೋರಿಸಿ. ಮೇಲೆ ಜಂಬಿಟ್ಟಿಗೆ ಕಲ್ಲಿನ ದಪ್ಪ ಪದರ, ಅದರ ಕೆಳಗೆ ಕರಿಕಲ್ಲು. ಜಂಬಿಟ್ಟಿಗೆ ತೂತು ತೂತಾದ ಕಲ್ಲು, ಮಳೆ ನೀರನ್ನು ಸ್ಪಂಜಿನ ಹಾಗೆ ಹೀರುತ್ತದೆ. ಆ ನೀರು ಕೆಳಗೆ ಇಳಿಯುತ್ತಾ ಬಂದು, ಮುಂದೆ ಇಳಿಯಲಾಗದೆ ಗುಡ್ಡದ ಅಂಚಿನಲ್ಲಿ ಒಸರುತ್ತದೆ. ನಾನಕ್ ಝೀರಾ, ಝರಣಿ ನರಸಿಂಹ, ಪಾಪನಾಶ, ಎಲ್ಲಾ ಹೀಗೆ ಅಂಚಿನಲ್ಲಿ ಹುಟ್ಟಿದ ನೀರು. ಸಿಖ್ಖರ ಗುರುದ್ವಾರ, ನರಸಿಂಹನ ಗುಹೆ, ಶಿವನ ಗುಡಿ ಮೂರಕ್ಕೂ ನೀರು ಕೊಡುವ ಕಲ್ಲು ಒಂದೇ. ನೌಬಾದಿನಲ್ಲಿ ನೆಲದೊಳಗೆ ಸುರಂಗ ಕೊರೆದು ನೀರು ಹರಿಸುವ ಕರೇಜ್ ಮಾಡಿದವರೂ ಈ ಕಲ್ಲಿನ ಗುಣ ಬಲ್ಲವರೇ. ಇನ್ನೊಂದು ಮಾತು. ಕರ್ನಾಟಕದ ಬಹುಪಾಲು ಊರುಗಳ ನೀರು ಕೃಷ್ಣೆಗೋ ಕಾವೇರಿಗೋ ಸೇರುತ್ತದೆ. ಈ ಇಳಿಜಾರಿನ ನೀರು ಮಾಂಜ್ರಾ ಸೇರಿ ಗೋದಾವರಿಗೆ ಹೋಗುತ್ತದೆ. ಭೂಗೋಳದ ಮೇಷ್ಟ್ರು ನಕ್ಷೆ ತೂಗುಹಾಕಿ ಒಂದು ವಾರ ಹೇಳುವುದನ್ನು ಇಲ್ಲಿ ಎರಡು ಗಂಟೆಯಲ್ಲಿ ತೋರಿಸಬಹುದು.

ಏರಿನ ಬದಿಗೆ ಸೀತಾಫಲದ ಪೊದೆಗಳು. ಮಳೆಗಾಲ ಮುಗಿಯುವ ಹೊತ್ತಿಗೆ ಕಣ್ಣು ಬಿಟ್ಟ ಹಣ್ಣು ಸಿಗುತ್ತದೆ. ಏರು ಮುಗಿದರೆ ಹಳೇ ಊರು. ದುಲ್ಹನ್ ದರ್ವಾಜಾ ಕಡೆಯಿಂದ ಒಳಗೆ ಬಂದು, ಬಹಮನಿ ಮಂತ್ರಿ ಮಹಮೂದ್ ಗವಾನನ ಮದರಸಾದ ಉಳಿದ ಒಂಟಿ ಮಿನಾರು ನೋಡಿ, ಹಳೇ ಕಾವಲು ಗೋಪುರ ಚೌಬಾರಾದ ಬುಡದಲ್ಲಿ ಚಹಾ ಕುಡಿದರೆ ದಿನದ ನಡಿಗೆ ಮುಗಿಯಿತು. ಮದರಸಾ 1472ರದ್ದು. ಅದರ ಗೋಡೆಯ ಹೆಂಚಿನ ನೀಲಿಯನ್ನು ನೀವು ಬೆಳಿಗ್ಗೆಯೇ ಅಷ್ಟೂರಿನಲ್ಲಿ ನೋಡಿರುತ್ತೀರಿ. ನಡೆದು ಬಂದವರಿಗೆ ಮಾತ್ರ ಇವೆರಡೂ ಒಂದೇ ಕಥೆಯ ಎರಡು ತುದಿ ಅಂತ ಹೊಳೆಯುತ್ತದೆ.

ಈಗ ಕೋರಿಕೆಗೆ ಬರುತ್ತೇನೆ.

ಹೋದ ಡಿಸೆಂಬರಿನಲ್ಲಿ ಅವ್ವನನ್ನು ಕರೆದುಕೊಂಡು ಈ ದಾರಿ ನಡೆದೆ. ಅವ್ವನಿಗೆ ಎಪ್ಪತ್ತಮೂರು. ಅಷ್ಟೂರು ಅವಳ ತವರು. ನಡೆಯುವ ಉತ್ಸಾಹ ನನಗಿಂತ ಅವಳಿಗೇ ಜಾಸ್ತಿ ಇತ್ತು. ಅರ್ಧ ದಾರಿಯಲ್ಲಿ ಹಿಂದಿನಿಂದ ಟಿಪ್ಪರ್ ಬಂತು, ಎದುರಿನಿಂದ ಕಾರು. ಡಾಂಬರು ಬಿಟ್ಟು ಇಳಿಯಲು ಬದಿಯಲ್ಲಿ ಜಾಗ ಇರಲಿಲ್ಲ, ಜಾಲಿ ಮುಳ್ಳು ಮತ್ತು ತಗ್ಗು. ಅವ್ವ ಹಿಂದಕ್ಕೆ ಸರಿದು ಮುಳ್ಳಿನ ಮೇಲೆ ಬಿದ್ದಳು. ದೊಡ್ಡ ಗಾಯವಾಗಲಿಲ್ಲ, ಮೊಣಕೈ ತರಚಿತು. ಸೀರೆಗೆ ಅಂಟಿದ ಮುಳ್ಳು ಕೀಳುತ್ತಾ ಕೂತಾಗ ಅವ್ವ ಹೇಳಿದ ಮಾತು ಇಷ್ಟು: "ನಮ್ಮವ್ವ ತಲಿ ಮ್ಯಾಲೆ ಭಾರ ಹೊತ್ತು ದಿನಾ ನಡದಾಳ, ಒಮ್ಮೆನೂ ಬಿದ್ದಿಲ್ಲ. ನಾ ಬರೇ ಕೈಲೆ ಬಂದು ಬಿದ್ನಿ ನೋಡು."

ಯಾರನ್ನೂ ದೂರಲು ಇದನ್ನು ಹೇಳುತ್ತಿಲ್ಲ. ಟಿಪ್ಪರಿನ ಹುಡುಗನಿಗೂ ಬೇರೆ ದಾರಿ ಇರಲಿಲ್ಲ, ಪಾಪ. ಆಯಿಯ ಕಾಲದಲ್ಲಿ ದಾರಿ ಮಣ್ಣಿನದು, ಬಂಡಿ ನಿಧಾನ, ಬದಿಗೆ ಸರಿಯಲು ಎರಡು ಹೆಜ್ಜೆ ಜಾಗ ಇತ್ತು. ಆ ಎರಡು ಹೆಜ್ಜೆ ಜಾಗವನ್ನು ವಾಪಸ್ ಕೊಡಿ ಅಂತ ಕೇಳುತ್ತಿದ್ದೇನೆ. ಡಾಂಬರಿನ ಒಂದು ಬದಿಗೆ ಆರು ಅಡಿ ಅಗಲದ ಮಣ್ಣಿನ ಪಟ್ಟಿ ಸಾಕು. ಕಾಂಕ್ರೀಟು ಬೇಡ, ಟೈಲ್ಸ್ ಬೇಡ. ಗಟ್ಟಿಯಾಗಿ ಒತ್ತಿದ ಮೊರಂ ಸಾಕು, ಅದು ನಮ್ಮ ಗುಡ್ಡದಲ್ಲೇ ಸಿಗುತ್ತದೆ, ಮೊಣಕಾಲಿಗೂ ಹಿತ. ಪಟ್ಟಿಗೂ ಡಾಂಬರಿಗೂ ನಡುವೆ ಬೇವಿನ ಸಾಲು ನೆಟ್ಟರೆ ವಾಹನ ಈಚೆ ಬರುವುದಿಲ್ಲ, ನೆರಳೂ ಆಗುತ್ತದೆ. ಕೆಲವು ಕಡೆ ರಸ್ತೆ ಪಕ್ಕವೇ ಬೇಡ. ಗ್ರಾಮ ನಕ್ಷೆಯಲ್ಲಿ ಕಾಲುದಾರಿ, ಬಂಡಿದಾರಿಗಳನ್ನು ಗುರುತು ಮಾಡಿರುತ್ತಾರೆ. ತಲಾಠಿಯವರ ಹತ್ತಿರ ಆ ನಕ್ಷೆ ತೆಗೆಸಿ ನೋಡಿ. ಹಳೆಯ ದಾರಿ ಹೊಲಗಳ ನಡುವೆ ಇನ್ನೂ ತೆರೆದಿದ್ದರೆ, ರೈತರ ಜೊತೆ ಕೂತು ಮಾತಾಡಿ ಅದನ್ನೇ ನಡಿಗೆಗೆ ಉಳಿಸಿಕೊಳ್ಳಬಹುದು. ಅವರನ್ನು ಕೇಳದೆ ಏನೂ ಮಾಡಬೇಡಿ. ದಾರಿ ನಮಗೆ ಒಂದು ದಿನದ ಸಂತೋಷ, ಹೊಲ ಅವರಿಗೆ ವರ್ಷದ ಅನ್ನ.

ಎರಡನೆಯದು ಕಟ್ಟೆ. ಆಯಿ ಈ ದಾರಿಯಲ್ಲಿ ನಾಲ್ಕು ಕಡೆ ನಿಲ್ಲುತ್ತಿದ್ದಳು. ಎಲ್ಲಿ ನಿಲ್ಲಬೇಕು ಅನ್ನುವುದು ಬುಟ್ಟಿ ಹೊತ್ತ ಹೆಂಗಸರಿಗೆಲ್ಲ ಗೊತ್ತಿತ್ತು. ಗುಮ್ಮಟ ದಾಟಿದ ಮೇಲೆ ಒಂದು ಬೇವಿನ ಮರ, ಚೌಖಂಡಿ ದಿಬ್ಬದ ನೆರಳು, ಏರಿನ ಬುಡದಲ್ಲಿ ಒಂದು ಕಲ್ಲು, ಏರಿನ ತಲೆಯಲ್ಲಿ ಇನ್ನೊಂದು. ಅದರಲ್ಲೂ ಏರಿನ ಬುಡದ ಕಲ್ಲು ಸರಿಯಾಗಿ ಎದೆಮಟ್ಟ. ಬಗ್ಗದೆ ಬುಟ್ಟಿ ಇಳಿಸಬಹುದು, ಯಾರ ಸಹಾಯವೂ ಇಲ್ಲದೆ ಮತ್ತೆ ತಲೆಗೆ ಏರಿಸಿಕೊಳ್ಳಬಹುದು. ತಲೆಹೊರೆ ಹೊತ್ತವರಿಗೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ. ಅಲ್ಲಿ ಕೂತು ಅವಳು ಗಂಟು ಬಿಚ್ಚಿ ಅರ್ಧ ರೊಟ್ಟಿ, ಶೇಂಗಾ ಹಿಂಡಿ ಕೊಡುತ್ತಿದ್ದಳು. ಉಳಿದರ್ಧ ಏರಿನ ತಲೆಯಲ್ಲಿ. ಆ ಅರ್ಧ ರೊಟ್ಟಿಯ ಆಸೆಗೇ ನಾನು ಏರು ಹತ್ತುತ್ತಿದ್ದೆ.

ಆ ನಾಲ್ಕು ಜಾಗಗಳಲ್ಲಿ ನಾಲ್ಕು ಕಟ್ಟೆ ಕಟ್ಟಿಸಿ. ಕೆಂಪು ಕಲ್ಲಿನಲ್ಲೇ ಕಟ್ಟಿ, ಬೀದರಿನ ಕೋಟೆಯೇ ಆ ಕಲ್ಲಿನದಲ್ವಾ. ಒಂದು ಭಾಗ ಮೊಣಕಾಲೆತ್ತರ, ಕೂರಲು. ಒಂದು ಭಾಗ ಎದೆಮಟ್ಟ, ಭಾರ ಇಳಿಸಲು. ಈಗ ತಲೆಹೊರೆ ಕಡಿಮೆ ಆಗಿದೆ ನಿಜ, ಆದರೆ ಬೆನ್ನಿಗೆ ಬ್ಯಾಗು ಹಾಕಿದ ಹುಡುಗರಿಗೂ, ಕಂಕುಳಲ್ಲಿ ಮಗು ಎತ್ತಿಕೊಂಡ ತಾಯಿಗೂ ಆ ಎತ್ತರ ಬೇಕು. ಒಂದೊಂದು ಕಟ್ಟೆಗೆ ಒಂದು ಮರ. ಪಕ್ಕದಲ್ಲಿ ಒಂದು ಕಲ್ಲು, ಅದರ ಮೇಲೆ ಕನ್ನಡ, ಉರ್ದು ಎರಡರಲ್ಲೂ ಮುಂದಿನ ಕಟ್ಟೆಗೆ ಎಷ್ಟು ನಿಮಿಷ ಅಂತ. ಕಿಲೋಮೀಟರ್ ಬರೆದರೆ ವಯಸ್ಸಾದವರಿಗೆ ಅಂದಾಜು ಸಿಗುವುದಿಲ್ಲ. "ಇನ್ನು 15 ನಿಮಿಷ" ಅಂದರೆ ಏಳುತ್ತಾರೆ.

ಒಂದು ಎಚ್ಚರ ನಾನೇ ಹೇಳಿಬಿಡುತ್ತೇನೆ. ಕೇಂದ್ರ ಸರ್ಕಾರ ರಕ್ಷಿಸುವ ಸ್ಮಾರಕಗಳ ಸುತ್ತ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ, ಅದರಾಚೆ ಮತ್ತೆ 200 ಮೀಟರ್ ಅನುಮತಿ ಬೇಕು. ಈ ಕಾನೂನು ಒಳ್ಳೆಯದು. ಗುಮ್ಮಟಗಳಿಗೆ ಅಂಟಿಕೊಂಡು ಅಂಗಡಿ ಸಾಲು ಏಳದಿರುವುದು ನಮ್ಮ ಪುಣ್ಯ. ಹಾಗಾಗಿ ಕಟ್ಟೆಗಳ ಜಾಗವನ್ನು ಪುರಾತತ್ವ ಇಲಾಖೆಯವರ ಜೊತೆ ನಡೆದೇ ಗುರುತಿಸಿ. ಸ್ಮಾರಕದ ಹತ್ತಿರ ಬೀಳುವ ಕಡೆ ಏನೂ ಕಟ್ಟಬೇಡಿ, ಬೇವಿನ ಮರವೊಂದೇ ಸಾಕು. ಕುಡಿಯುವ ನೀರು, ಹೆಂಗಸರು ಧೈರ್ಯವಾಗಿ ಹೋಗಬಹುದಾದ ಶೌಚಾಲಯ ಎರಡೂ ತುದಿಗೆ ಬೇಕು. ಅಷ್ಟೂರಿನ ಕಡೆ ಅದು ಊರೊಳಗೇ ಇದ್ದರೆ ಊರಿನವರಿಗೂ ಉಪಯೋಗ.

ದಕ್ಖನದ ಸುಲ್ತಾನರ ಕಟ್ಟಡಗಳು ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ 2014ರಲ್ಲಿ ಸೇರಿವೆ. ಅದರಲ್ಲಿ ಬೀದರ್ ಕೂಡ ಇದೆ. ಒಂದು ದಿನ ದೊಡ್ಡ ಪಟ್ಟಿಗೂ ಸೇರಲಿ ಅನ್ನುವುದು ನನ್ನ ಆಸೆ. ಆಗ ಜನ ಬರುತ್ತಾರೆ, ಬಸ್ಸುಗಳು ಬರುತ್ತವೆ, ರಸ್ತೆ ಅಗಲ ಮಾಡಿ ಅನ್ನುವ ಬೇಡಿಕೆ ಬರುತ್ತದೆ. ಅಗಲ ಮಾಡಿದ ಮೇಲೆ ನಡೆಯುವವರಿಗೆ ಜಾಗ ಹುಡುಕುವುದು ಕಷ್ಟ. ಅದಕ್ಕೇ ಈಗಲೇ ಕೇಳುತ್ತಿದ್ದೇನೆ.

ಅಷ್ಟೂರಿನ ಹಿರಿಯರಲ್ಲಿ ಒಂದು ಮಾತು. ಆ ದಾರಿಯ ಲೆಕ್ಕ ನಿಮ್ಮ ಮನೆಯ ಹೆಂಗಸರ ನೆನಪಿನಲ್ಲಿದೆ. ಎಲ್ಲಿ ನೀರು ಸಿಗುತ್ತಿತ್ತು, ಎಲ್ಲಿ ಹಾವಿನ ಕಾಟ, ಯಾವ ಬದುವಿನ ಮೇಲೆ ಮಳೆಗಾಲದಲ್ಲೂ ಕಾಲು ಜಾರುವುದಿಲ್ಲ. ಅವರು ಇರುವಾಗಲೇ ಕೇಳಿ ಬರೆದಿಡಿ. ಆಯಿಯನ್ನು ನಾನು ಕೇಳಲಿಲ್ಲ. ಏಳು ವರ್ಷದವಳು ರೊಟ್ಟಿಯ ಗಂಟು ನೋಡುತ್ತಿದ್ದೆ, ದಾರಿ ನೋಡಲಿಲ್ಲ. ದಾರಿಯಲ್ಲಿ ರೊಟ್ಟಿ, ಝುಣಕ, ಮೊಸರಿನ ಬುತ್ತಿ ಕೊಡುವ ಮನೆ ಊರಲ್ಲಿ ಎರಡು ಇದ್ದರೂ ನಡೆಯುವವರಿಗೆ ಸಾಕು, ಆ ಮನೆಗೂ ನಾಲ್ಕು ಕಾಸು.

ಬೀದರಿನ ಜನರಲ್ಲಿ ಕೇಳುವುದು ಇನ್ನೂ ಸಣ್ಣದು. ಅಕ್ಟೋಬರಿನಿಂದ ಫೆಬ್ರವರಿ ಒಳಗೆ ಒಂದು ಭಾನುವಾರ ಮಕ್ಕಳನ್ನು, ಮನೆಯ ಹಿರಿಯರನ್ನು ಕರೆದುಕೊಂಡು ನಡೆಯಿರಿ. ಚಳಿ ಇರುತ್ತದೆ, ರಾಜ್ಯದಲ್ಲೇ ಚಳಿ ಜಾಸ್ತಿ ಇರುವ ಊರುಗಳಲ್ಲಿ ನಮ್ಮದೂ ಒಂದು. ಶಾಲು ತನ್ನಿ, ತಲೆಗೆ ಒಂದು ಟವೆಲ್, ಒಬ್ಬರಿಗೆ ಒಂದೂವರೆ ಲೀಟರ್ ನೀರು. ಚಪ್ಪಲಿ ಬೇಡ, ಜಾಲಿ ಮುಳ್ಳು ಚುಚ್ಚುತ್ತದೆ. ಹೊಲದಲ್ಲಿ ಕಡಲೆ, ತೊಗರಿ ಕಾಯಿ ಕಂಡರೆ ಕೈ ಹೋಗುವುದು ಸಹಜ, ಆದರೆ ಹೊಲದವರನ್ನು ಕೇಳಿ. ಕೇಳಿದರೆ ಉಡಿ ತುಂಬ ಕೊಡುವ ಜನ ಅವರು. ಎಳ್ಳ ಅಮಾವಾಸ್ಯೆಯ ದಿನ ಹೋದರಂತೂ ಹಾಗೇ ಕಳಿಸುವುದಿಲ್ಲ, ಕೂರಿಸಿ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಕೊಡುತ್ತಾರೆ. ತಿಂದ ಪೊಟ್ಟಣ, ಕುಡಿದ ಬಾಟಲಿ ವಾಪಸ್ ತನ್ನಿ. ಗುಮ್ಮಟದ ಗೋಡೆ ಮೇಲೆ ಹೆಸರು ಕೆತ್ತುವ ಹುಡುಗರು ಕಂಡರೆ ಬೈಯಬೇಡಿ, ಕನ್ನಡಿಯ ಬೆಳಕಿನ ಹತ್ತಿರ ಕರೆದುಕೊಂಡು ಹೋಗಿ ನಿಲ್ಲಿಸಿ.

ಅಧಿಕಾರಿಗಳೇ, ಕಡತ ತೆರೆಯುವ ಮೊದಲು ನೀವು ಒಮ್ಮೆ ನಡೆದು ನೋಡಬೇಕು. ಕಾರನ್ನು ಚೌಬಾರಾ ಹತ್ತಿರ ಬಿಟ್ಟು ಆಟೋದಲ್ಲಿ ಅಷ್ಟೂರಿಗೆ ಬನ್ನಿ. ನಿಮ್ಮ ಮನೆಯ ಹಿರಿಯರನ್ನೂ ಕರೆತನ್ನಿ, ಅವರಿಗೆ ಎಲ್ಲಿ ಕೂರಬೇಕು ಅನ್ನಿಸುತ್ತದೋ ಅಲ್ಲೇ ಕಟ್ಟೆಯ ಗುರುತು ಹಾಕಿ. ನಾನೂ ಅವ್ವನೂ ಬರುತ್ತೇವೆ. ಅವ್ವನ ಮೊಣಕೈ ವಾಸಿಯಾಗಿದೆ, ಈ ಚಳಿಗಾಲಕ್ಕೆ ಮತ್ತೆ ನಡೆಯುತ್ತೇನೆ ಅಂತ ಈಗಲೇ ಬೂಟು ಕೊಡಿಸಿಕೊಂಡಿದ್ದಾಳೆ. ಏರಿನ ಬುಡದ ಆ ಎದೆಮಟ್ಟದ ಕಲ್ಲು ಇನ್ನೂ ಇದೆ. ಸುತ್ತ ಜಾಲಿ ಬೆಳೆದು ಅರ್ಧ ಮುಚ್ಚಿದೆ, ಆದರೆ ಅಲುಗಿಲ್ಲ. ಮೊದಲ ಕಟ್ಟೆಯನ್ನು ಆ ಕಲ್ಲನ್ನು ಕೀಳದೆ, ಅದಕ್ಕೆ ಸೇರಿಸಿಯೇ ಕಟ್ಟಿ. ಜಾಗ ಅವ್ವ ತೋರಿಸುತ್ತಾಳೆ.

ಇಂತಿ,
ಅಷ್ಟೂರಿನ ಮೊಮ್ಮಗಳು, ಬೀದರ್